ಸಂಬಳವಿಲ್ಲದ ಕ್ರೀಡಾಗುರು: ಯೇಲ್ ವಿಶ್ವವಿದ್ಯಾನಿಲಯದ ಒಂದು ಅಧ್ಯಾಯ

ಕಾಲೇಜು ವಿದ್ಯಾರ್ಥಿಗಳಿಗೆ ಆಟ ಕಲಿಸುವವನು ಸಂಬಳದ ನೌಕರನಾಗಿರಬೇಕೆ, ಇಲ್ಲವೆ ತನ್ನ ಉದ್ಯೋಗದ ಬಿಡುವಿನಲ್ಲಿ ಬಂದು ಗೌರವಸೇವೆ ಸಲ್ಲಿಸುವ ಹಿರಿಯನಾಗಿರಬೇಕೆ ಎಂಬ ಪ್ರಶ್ನೆ ಹೊಸದಲ್ಲ. ಅಮೆರಿಕದ ವಿದ್ಯಾಸಂಸ್ಥೆಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿಯೇ ಅದು ತಲೆದೋರಿತ್ತು. ಈ ಪ್ರಶ್ನೆಯನ್ನು ಚರ್ಚಿಸುವವರು ವಾಲ್ಟರ್ ಕ್ಯಾಂಪನ ಹೆಸರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಗೌರವಸೇವೆಯ ಬಲವೂ ದೌರ್ಬಲ್ಯವೂ ಆತನ ಚರಿತ್ರೆಯಲ್ಲಿ ಒಟ್ಟಿಗೆ ಕಾಣಸಿಗುವುದರಿಂದ ಅದನ್ನು ಇಲ್ಲಿ ಸಂಗ್ರಹವಾಗಿ ಪರಿಶೀಲಿಸಬಯಸುತ್ತೇನೆ.

ಕ್ಯಾಂಪನು 1859ರಲ್ಲಿ ಕನೆಕ್ಟಿಕಟ್ ಸಂಸ್ಥಾನದ ನ್ಯೂ ಬ್ರಿಟನ್ನಿನಲ್ಲಿ ಜನಿಸಿ, 1880ರಲ್ಲಿ ಯೇಲ್ ವಿಶ್ವವಿದ್ಯಾನಿಲಯದ ಪದವೀಧರನಾದನು. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಫುಟ್‌ಬಾಲ್ ಆಗ ಇನ್ನೂ ರೂಪುಗೊಳ್ಳುತ್ತಿದ್ದಿತು. ಪಕ್ಷಕ್ಕೆ ಹನ್ನೊಂದು ಮಂದಿ ಇರಬೇಕೆಂಬುದೂ, ಚೆಂಡು ಒಂದೇ ಪಕ್ಷದ ವಶದಲ್ಲಿದ್ದು ಆಟ ಮೊದಲಾಗಬೇಕೆಂಬುದೂ 1880ರಲ್ಲಿ ಆತನ ಪ್ರಯತ್ನದಿಂದಲೇ ನಿಯಮಗಳಾದುವು. ಮೂರು ಸರದಿಗಳೊಳಗೆ ಐದು ಗಜ ಮುನ್ನಡೆಯದ ಪಕ್ಷವು ಚೆಂಡನ್ನು ಬಿಟ್ಟುಕೊಡಬೇಕೆಂಬ ನಿಯಮ 1882ರಲ್ಲಿ ಬಂದಿತು. ಇದರಿಂದ ನೂಕುನುಗ್ಗಲಾಗಿದ್ದ ಆಟಕ್ಕೆ ಯೋಜನೆ ಅವಶ್ಯವಾಯಿತು. ಯೋಜನೆ ಬೇಕಾದ ಕೂಡಲೆ ಅದನ್ನು ಕಲಿಸುವ ಗುರುವೂ ಬೇಕಾದನು.

ಆದರೆ ಆ ಹೊತ್ತಿಗೆ ಕ್ಯಾಂಪನು ವೈದ್ಯಶಿಕ್ಷಣವನ್ನು ಅರ್ಧದಲ್ಲಿಯೇ ಬಿಟ್ಟು ನ್ಯೂ ಹೇವನ್ ಗಡಿಯಾರದ ಕಂಪನಿಯ ನೌಕರನಾಗಿದ್ದನು. 1888ರಿಂದ 1892ರವರೆಗೆ ಆತನು ಯೇಲ್ ತಂಡವನ್ನು ತಿದ್ದಿದುದು ಈ ಉದ್ಯೋಗದ ನಡುವೆಯೇ. ಅದಕ್ಕಾಗಿ ಆತನಿಗೆ ಸಂಬಳವಿರಲಿಲ್ಲ. ಹಗಲು ಕಚೇರಿಯನ್ನು ಬಿಟ್ಟು ಅಂಗಳಕ್ಕೆ ಹೋಗುವುದು ಅನೇಕ ವೇಳೆ ಸಾಧ್ಯವಾಗುತ್ತಿರಲಿಲ್ಲ. 1888ರಲ್ಲಿ ಆತನ ಕೈಹಿಡಿದ ಆಲಿಸ್ ಸಮ್ನರ್ ಈ ಕೊರತೆಯನ್ನು ತುಂಬಿದಳು. ಆಕೆ ಅಭ್ಯಾಸದ ವೇಳೆಗೆ ಅಂಗಳಕ್ಕೆ ಹೋಗಿ, ಕಂಡುದನ್ನು ಗುರುತುಹಾಕಿಕೊಂಡು ಪತಿಗೆ ತಿಳಿಸುತ್ತಿದ್ದಳು. ಸಂಜೆ ತಂಡದ ನಾಯಕನೂ ಪ್ರಮುಖ ಆಟಗಾರರೂ ಕ್ಯಾಂಪನ ಮನೆಯಲ್ಲಿ ಕಲೆತು ಅಂದಿನ ತಪ್ಪುಒಪ್ಪುಗಳನ್ನು ಚರ್ಚಿಸುತ್ತಿದ್ದರು.

ಈ ಏರ್ಪಾಡಿನ ವೈಶಿಷ್ಟ್ಯವನ್ನು ಗಮನಿಸಬೇಕು. ಅಂಗಳದಲ್ಲಿ ಅಧಿಕಾರವಿದ್ದುದು ಗುರುವಿಗಲ್ಲ, ಆಟಗಾರರೇ ಚುನಾಯಿಸಿದ ವಿದ್ಯಾರ್ಥಿ ನಾಯಕನಿಗೆ. ಗುರುವಿನದು ಸಲಹೆ, ನಿರ್ಧಾರ ನಾಯಕನದು. ಪದವಿ ಪಡೆದು ಹೋದ ಹಳೆಯ ಆಟಗಾರರು ಶರತ್ಕಾಲದಲ್ಲಿ ಹಿಂದಿರುಗಿ ಬಂದು ಕಿರಿಯರಿಗೆ ಕಲಿಸುವ ರೂಢಿಯೂ ಅಲ್ಲಿ ಬೆಳೆಯಿತು. ಹೀಗಾಗಿ ವಿದ್ಯೆ ಒಬ್ಬನಲ್ಲಿಯೇ ನಿಲ್ಲದೆ ಕೈಯಿಂದ ಕೈಗೆ ಸಾಗಿತು. ಆ ಐದು ವರ್ಷಗಳಲ್ಲಿ ಯೇಲ್ 67 ಪಂದ್ಯಗಳನ್ನು ಗೆದ್ದು ಎರಡನ್ನು ಮಾತ್ರ ಸೋತಿತು. 1888ರ 13 ಪಂದ್ಯಗಳಲ್ಲಿ ಎದುರಾಳಿಗಳಿಗೆ ಒಂದು ಅಂಕವೂ ದೊರೆಯಲಿಲ್ಲ.

ಗೆಲವುಗಳಿಗಿಂತ ಹೆಚ್ಚಿನ ಫಲ ವಿದ್ಯಾರ್ಥಿಗಳ ಮುಂದಿನ ಬಾಳಿನಲ್ಲಿ ಕಾಣಬರುತ್ತದೆ. ಕ್ರೈಸ್ತ ಉಪದೇಶಕನಾಗಬೇಕೆಂದು ಯೇಲ್‌ಗೆ ಬಂದಿದ್ದ ಅಮೋಸ್ ಅಲೋಂಜೊ ಸ್ಟ್ಯಾಗ್ 1888ರ ತಂಡದಲ್ಲಿ ಆಡಿದನು. ಬಳಿಕ ಸ್ಪ್ರಿಂಗ್‌ಫೀಲ್ಡಿನ ವೈ. ಎಂ. ಸಿ. ಎ. ಶಿಕ್ಷಣಶಾಲೆಗೆ ಹೋಗಿ, ಅಲ್ಲಿ ತಂಡವೊಂದನ್ನು ಕಟ್ಟಿದನು. ಆ ತಂಡದಲ್ಲಿ ಆಡಿದ ಜೇಮ್ಸ್ ನೈಸ್ಮಿತ್ 1891ರಲ್ಲಿ ಬಾಸ್ಕೆಟ್‌ಬಾಲ್ ಆಟವನ್ನು ರೂಪಿಸಿದನು. ಅದೇ ಸ್ಪ್ರಿಂಗ್‌ಫೀಲ್ಡಿನಲ್ಲಿ ಮುಂದೆ ಶಿಕ್ಷಣ ಪಡೆದ ಹ್ಯಾರಿ ಕ್ರೋ ಬಕ್ 1920ರಲ್ಲಿ ಮದರಾಸಿನಲ್ಲಿ ದೈಹಿಕ ಶಿಕ್ಷಣದ ಕಾಲೇಜನ್ನು ಸ್ಥಾಪಿಸಿದನು. ಇದೆಲ್ಲವೂ ಕ್ಯಾಂಪನ ನೇರ ಫಲವೆಂದರೆ ಅತಿಶಯೋಕ್ತಿಯಾದೀತು. ಆದರೆ ಕಲಿತವನು ಕಲಿಸಬೇಕೆಂಬ ಯೇಲ್‌ನ ರೂಢಿಯನ್ನು ಸ್ಟ್ಯಾಗ್ ತನ್ನೊಡನೆ ಕೊಂಡೊಯ್ದನೆಂಬುದರಲ್ಲಿ ಸಂದೇಹವಿಲ್ಲ. 1892ರಲ್ಲಿ ಆತನು ಷಿಕಾಗೋ ವಿಶ್ವವಿದ್ಯಾನಿಲಯದ ಅಧ್ಯಾಪಕವರ್ಗವನ್ನೇ ಸೇರಿ, 1932ರವರೆಗೆ ಅಲ್ಲಿ ತಂಡವನ್ನು ನಡೆಸಿದನು.

ಚಿತ್ರಕ್ಕೆ ಇನ್ನೊಂದು ಮುಖವೂ ಉಂಟು. ಯೇಲ್‌ನಲ್ಲಿ ಕ್ಯಾಂಪನ ಕೈಕೆಳಗೆ ಪಳಗಿದ ವಿಲಿಯಂ ಹೆಫಲ್‌ಫಿಂಗರ್ 1892ರ ನವೆಂಬರ್ 12ರಂದು ಪಿಟ್ಸ್‌ಬರ್ಗಿನಲ್ಲಿ ಒಂದು ಪಂದ್ಯವಾಡಲು 500 ಡಾಲರ್ ಪಡೆದನು. ಹಣ ಕೊಟ್ಟ ಸಂಘದ ಲೆಕ್ಕದ ಹಾಳೆ ಉಳಿದುಬಂದಿರುವುದರಿಂದ ಈ ಸಂಗತಿ ಸ್ಥಿರಪಟ್ಟಿದೆ. ಯೇಲ್‌ನಲ್ಲಿಯಾದರೋ ಪಂದ್ಯಗಳ ಟಿಕೆಟ್ ಹಣದಿಂದ ನಿಧಿಯೊಂದು ಬೆಳೆದು, ಅದರ ಮೇಲ್ವಿಚಾರಣೆ ಕ್ಯಾಂಪನ ಕೈಗೆ ಬಂದಿತು. ಆ ನಿಧಿ ಸುಮಾರು ಒಂದು ಲಕ್ಷ ಡಾಲರಿಗೆ ಏರಿದೆಯೆಂದೂ, ಅದರ ವೆಚ್ಚ ಬಹಿರಂಗವಾಗಿಲ್ಲವೆಂದೂ ಆಕ್ಷೇಪಣೆಗಳೆದ್ದುವು. 1905ರಲ್ಲಿ ಮಕ್ಲೂರ್ಸ್ ಪತ್ರಿಕೆಯು, ಯೇಲ್‌ನ ನಾಯಕನಾಗಿದ್ದ ಜೇಮ್ಸ್ ಹೋಗನ್‌ಗೆ ಸಿಗರೇಟು ಮಾರಾಟದ ದಲ್ಲಾಳಿ ಸಲ್ಲುತ್ತಿದ್ದುದನ್ನೂ ಬಯಲಿಗೆಳೆಯಿತು. ಆಟದ ಒರಟುತನವಂತೂ ಪ್ರಾಣಾಪಾಯದವರೆಗೆ ಹೋಗಿದ್ದಿತು. ಅದೇ ವರ್ಷ ಅಕ್ಟೋಬರ್ 9ರಂದು ಅಧ್ಯಕ್ಷ ರೂಸ್ವೆಲ್ಟರು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಪ್ರತಿನಿಧಿಗಳನ್ನು ಕರೆಸಿ ಎಚ್ಚರಿಸಿದರು, ಕ್ಯಾಂಪನೂ ಅವರಲ್ಲಿದ್ದನು. 1906ರಲ್ಲಿ ಕಾಲೇಜುಗಳ ಕ್ರೀಡೆಯನ್ನು ನಿಯಂತ್ರಿಸುವ ರಾಷ್ಟ್ರೀಯ ಸಂಘವು ರೂಪುಗೊಂಡಿತು.

ಇದರಿಂದ ತಿಳಿಯತಕ್ಕುದೇನು? ಕ್ಯಾಂಪನ ಶಿಕ್ಷಣ ಫಲಿಸಿದುದು ಅದು ಪುಕ್ಕಟೆಯಾಗಿದ್ದುದರಿಂದಲ್ಲ. ಆಟದ ಹೊಣೆ ವಿದ್ಯಾರ್ಥಿಯ ಹೆಗಲ ಮೇಲೆಯೇ ಉಳಿದುದರಿಂದ, ಗುರು ಹಿಂದೆ ನಿಂತು ಸಲಹೆ ಕೊಟ್ಟುದರಿಂದ ಅದು ಫಲಿಸಿತು. ಕೆಟ್ಟುದೂ ಸಂಬಳದ ದೆಸೆಯಿಂದಲ್ಲ. ಹಣವೂ ಪ್ರಭಾವವೂ ಒಂದೆಡೆ ಸೇರಿದಾಗ ಅವುಗಳ ಲೆಕ್ಕ ಕೇಳುವವರಿಲ್ಲದುದರಿಂದ. ಸಂಬಳ ಪಡೆಯುವವನಿಂದ ನಾವು ಲೆಕ್ಕ ಕೇಳುತ್ತೇವೆ. ಪಡೆಯದವನಿಂದ ಕೇಳಲು ಸಂಕೋಚಪಡುತ್ತೇವೆ. ಈ ಸಂಕೋಚ ಕೊನೆಗೆ ಗೌರವಸೇವೆಗೇ ಕುಂದು ತರುತ್ತದೆ.

ಹೊರನಾಡಿನ ನಮ್ಮ ಕನ್ನಡ ಸಂಘಗಳು ನಡೆದುಬಂದಿರುವುದೂ ಇಂಥ ಬಿಡುವಿನ ವೇಳೆಯ ಸೇವೆಯಿಂದಲೇ. ಸಂಜೆ ಕಚೇರಿಯಿಂದ ನೇರವಾಗಿ ಬಂದು ತರುಣರಿಗೆ ಕಲಿಸುವ ಹಿರಿಯರು ನಮ್ಮಲ್ಲಿಯೂ ಇದ್ದಾರೆ. ಅವರಿಗೆ ಕೃತಜ್ಞತೆ ಸಲ್ಲಿಸುವಷ್ಟೇ ಶ್ರದ್ಧೆಯಿಂದ ನಾಯಕತ್ವವನ್ನು ತರುಣರಿಗೆ ಒಪ್ಪಿಸುವುದೂ, ಲೆಕ್ಕಪತ್ರಗಳನ್ನು ಸಭೆಯ ಮುಂದಿಡುವುದೂ ನಡೆಯಬೇಕು. ಹಾಗಾದಲ್ಲಿ ಸಂಬಳವಿಲ್ಲದ ಗುರುವಿನ ಶ್ರಮ ವ್ಯರ್ಥವಾಗದೆ ಮುಂದಿನ ತಲೆಮಾರಿಗೂ ಸಲ್ಲುತ್ತದೆ.