ಪಿರಿಯಾಪಟ್ಟಣದಲ್ಲಿ ಉಳಿದುಹೋದ ಫಿರಂಗಿಗಳು

ಯುದ್ಧಸಾಮಗ್ರಿ ಹೊತ್ತ ಹಡಗೊಂದು ಸಮುದ್ರದಲ್ಲಿ ಮುಳುಗಿದರೆ ಅದರ ಕಥೆ ತಲೆಮಾರುಗಳವರೆಗೆ ಉಳಿಯುತ್ತದೆ. ನೆಲದ ಮೇಲೆ ನಾಶವಾದ ಸಾಮಗ್ರಿಯನ್ನು ನೆನೆಯುವವರು ಕಡಿಮೆ. ಮೈಸೂರಿನ ಪಶ್ಚಿಮ ಸೀಮೆಯಲ್ಲಿ 1791ರ ಮೇ ತಿಂಗಳಲ್ಲಿ ನಡೆದದ್ದು ಅಂತಹದೇ ಒಂದು ನಷ್ಟ. ಅದನ್ನು ಅನುಭವಿಸಿದ್ದು ಈಸ್ಟ್ ಇಂಡಿಯಾ ಕಂಪೆನಿಯ ಸೈನ್ಯ. ಕಾರಣ ಫಿರಂಗಿಯಲ್ಲ, ಎತ್ತು.

ಆ ವರ್ಷ ಮಾರ್ಚ್ 21ರಂದು ಬೆಂಗಳೂರಿನ ಕೋಟೆ ಲಾರ್ಡ್ ಕಾರ್ನ್‌ವಾಲಿಸನ ವಶವಾಗಿತ್ತು. ಮೇ ಆರಂಭದಲ್ಲಿ ಆತ ಕಾನಕಾನಹಳ್ಳಿ ದಾರಿಯಾಗಿ ಶ್ರೀರಂಗಪಟ್ಟಣದತ್ತ ಹೊರಟ. ಇತ್ತ ಮುಂಬಯಿ ಸೈನ್ಯದೊಂದಿಗೆ ಜನರಲ್ ಅಬರ್‌ಕ್ರೋಂಬಿ ಮಲಬಾರಿನಿಂದ ಕೊಡಗಿನ ಘಟ್ಟ ಹತ್ತಿ ಪಿರಿಯಾಪಟ್ಟಣಕ್ಕೆ ಬಂದಿದ್ದ. ಕೊಡಗಿನ ದೊಡ್ಡ ವೀರರಾಜೇಂದ್ರ ಅವನಿಗೆ ನೆರವು ನೀಡಿದ್ದರು. ಅವರಿಬ್ಬರ ಭೇಟಿಯ ನೆನಪಿಗೆ ಮರುವರ್ಷ ಕಟ್ಟಿಸಿದ ಊರೇ ವಿರಾಜಪೇಟೆ. ಎರಡು ಸೈನ್ಯಗಳೂ ಕಾವೇರಿಯ ದಡದಲ್ಲಿ ಕೂಡಿ ರಾಜಧಾನಿಯನ್ನು ಮುತ್ತಬೇಕೆಂಬುದು ಯೋಜನೆ.

ಟಿಪ್ಪು ಸುಲ್ತಾನರು ಇದನ್ನು ತಡೆದದ್ದು ಹೊಲಗಳಲ್ಲಿ. ಶತ್ರು ಬರುವ ದಾರಿಯ ಹುಲ್ಲು, ಧಾನ್ಯ, ಹಳ್ಳಿಗಳನ್ನು ಸುಡಿಸಿದರು. ಪಿರಿಯಾಪಟ್ಟಣದ ಮನೆಗಳೂ ಅವರ ಅಪ್ಪಣೆಯಿಂದಲೇ ನಾಶವಾದವು. ಯುದ್ಧತಂತ್ರವಾಗಿ ಇದು ಫಲಿಸಿತು, ನಿಜ. ಆದರೆ ಸುಟ್ಟದ್ದು ಸುಲ್ತಾನರ ಸ್ವಂತ ರೈತರ ಮೇವು, ಸ್ವಂತ ಪ್ರಜೆಗಳ ಸೂರು. ಅವರನ್ನು ಹೊಗಳುವವರೂ ತೆಗಳುವವರೂ ಈ ಮಾತನ್ನು ಸಾಮಾನ್ಯವಾಗಿ ದಾಟಿಕೊಂಡು ಹೋಗುತ್ತಾರೆ.

ಕೋಟೆಯ ಗೋಡೆ ಒಡೆಯುವ ಒಂದು ಭಾರೀ ಫಿರಂಗಿಯನ್ನು ಎಳೆಯಲು ಹತ್ತಾರು ಜೋಡಿ ಎತ್ತು ಬೇಕು. ಅದರ ಗುಂಡು, ಮದ್ದು, ಸೈನಿಕರ ಅಕ್ಕಿ ಸಾಗಿಸಲು ಮತ್ತಷ್ಟು ಬೇಕು. ಮೇ 15ರಂದು ಅರಕೆರೆಯ ಬಳಿ ನಡೆದ ಕಾಳಗದಲ್ಲಿ ಕಾರ್ನ್‌ವಾಲಿಸನೇ ಗೆದ್ದ. ಆದರೆ ಆ ಹೊತ್ತಿಗೆ ಅವನ ಎತ್ತುಗಳು ಮೇವಿಲ್ಲದೆ, ರೋಗ ಬಡಿದು ಸಾಯುತ್ತಿದ್ದವು. ಪಾಳೆಯದಲ್ಲಿ ಸಿಡುಬು ಹಬ್ಬಿತ್ತು, ಅಕ್ಕಿ ತೀರುತ್ತಿತ್ತು, ಮಳೆ ಶುರುವಾಗಿತ್ತು. ಅಬರ್‌ಕ್ರೋಂಬಿಯನ್ನು ಕೂಡಿಕೊಳ್ಳಲೆಂದು ಆತ ಹೊಳೆಯ ಮೇಲ್ಭಾಗದ ಕನ್ನಂಬಾಡಿಗೆ ಸರಿದ. ಕೊನೆಕೊನೆಗೆ ಫಿರಂಗಿಗಳನ್ನು ಸಿಪಾಯಿಗಳೇ ಎಳೆಯಬೇಕಾಯಿತು. ಗೆದ್ದ ಒಂದೇ ವಾರದಲ್ಲಿ, ಮೇ 22ರಂದು, ಅದೇ ಕನ್ನಂಬಾಡಿಯಲ್ಲಿ ಕಾರ್ನ್‌ವಾಲಿಸ್ ತನ್ನ ಭಾರೀ ಫಿರಂಗಿಗಳನ್ನು ತಾನೇ ನಾಶಪಡಿಸಿದ.

ಹಿಂದಿರುಗುವಂತೆ ಪಿರಿಯಾಪಟ್ಟಣಕ್ಕೂ ಆಜ್ಞೆ ಹೋಯಿತು. ಅಬರ್‌ಕ್ರೋಂಬಿ ಭಾರೀ ಫಿರಂಗಿಗಳನ್ನು ಬಿಟ್ಟು ಕೊಡಗಿನ ಕಾಡುದಾರಿ ಹಿಡಿದ. ಮಳೆಗಾಲದ ಘಟ್ಟದಲ್ಲಿ ಅವನ ಜಾನುವಾರುಗಳಲ್ಲಿ ಬಹುಪಾಲು ಸತ್ತವು.

ವಿಚಿತ್ರವೆಂದರೆ, ಕಾರ್ನ್‌ವಾಲಿಸ್ ಹಿಂದೆ ಸರಿಯಲಾರಂಭಿಸಿದ ದಿನವೇ ಮರಾಠರ ಸೈನ್ಯ ಧಾನ್ಯ ತುಂಬಿದ ಬಜಾರಿನೊಂದಿಗೆ ಎದುರಾಯಿತು. ಅವರು ಹತ್ತಿರ ಬಂದಿದ್ದಾರೆಂಬ ಸುದ್ದಿ ಮುಟ್ಟದಂತೆ ಸುಲ್ತಾನರ ಸವಾರರು ಕಾಗದ ಒಯ್ಯುವವರನ್ನು ದಾರಿಯಲ್ಲೇ ಹಿಡಿದಿದ್ದರು. ಕೆಲವು ದಿನ ಮೊದಲೇ ಆ ಕಾಗದ ತಲುಪಿದ್ದರೆ ಕನ್ನಂಬಾಡಿಯಲ್ಲಿ ಫಿರಂಗಿಗಳು ಸಿಡಿಯುತ್ತಿರಲಿಲ್ಲವೇನೋ. ಆ ಹಳೆಯ ಕನ್ನಂಬಾಡಿ ಊರೂ ಮುಂದೆ ಕೃಷ್ಣರಾಜ ಸಾಗರದ ನೀರಿನಲ್ಲಿ ಮುಳುಗಿತು.

ಕಂಪೆನಿ ಮಾತ್ರ ಪಾಠ ಕಲಿಯಿತು. ಮುಂದಿನ ದಂಡಯಾತ್ರೆಗೆ ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್ ಮೂಲಕ ಬಂಜಾರರ ಎತ್ತಿನ ಹಿಂಡುಗಳನ್ನು ಗೊತ್ತುಮಾಡಿತು. ಇಂದು ನಾವು ಲಂಬಾಣಿಗರೆಂದು ಕರೆಯುವ ಈ ಜನ ಅಂದಿನ ದಖ್ಖಣದ ಎಲ್ಲ ಸೈನ್ಯಗಳಿಗೂ ಅನ್ನ ಹೊತ್ತವರು. 1792ರ ಫೆಬ್ರವರಿಯಲ್ಲಿ ಅಬರ್‌ಕ್ರೋಂಬಿ ಅದೇ ಪಿರಿಯಾಪಟ್ಟಣದ ದಾರಿಯಲ್ಲಿ ಬಂದು, ಈಗಿನ ಕೆ.ಆರ್. ನಗರದ ಪಕ್ಕದ ಹಳೆ ಎಡತೊರೆಯ ಬಳಿ ಕಾವೇರಿ ದಾಟಿ ಕಾರ್ನ್‌ವಾಲಿಸನನ್ನು ಕೂಡಿಕೊಂಡ. ಆ ಸಲ ಎತ್ತುಗಳಿದ್ದವು. ಸುಲ್ತಾನರು ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳನ್ನೂ ಒಪ್ಪಿಸಬೇಕಾಯಿತು. ಇಬ್ಬರು ಎಳೆಯ ಮಕ್ಕಳು ಒತ್ತೆಯಾಳುಗಳಾಗಿ ಹೋದರು.

ಎತ್ತಿನ ಬೆಲೆ ಮೈಸೂರಿಗೆ ಮೊದಲೇ ತಿಳಿದಿತ್ತು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯನ್ನು ಹೈದರ್ ಅಲಿ ಸೈನ್ಯಕ್ಕೆಂದು ಬೆಳೆಸಿದರು. ಟಿಪ್ಪು ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟು, ಕಾವಲುಗಳನ್ನೂ ದನಗಳ ಆರೈಕೆಯನ್ನೂ ಕುರಿತ ಹುಕುಂನಾಮೆಯನ್ನೇ ಹೊರಡಿಸಿದರು. ಅವರ ಖಡ್ಗದ ಬಗ್ಗೆ ಬರೆದವರು ಈ ಹುಕುಂನಾಮೆಯ ಕಡೆಗೂ ಸ್ವಲ್ಪ ನೋಡಬೇಕಿತ್ತು.

1799ರ ಮಾರ್ಚ್ 6ರಂದು ಪಿರಿಯಾಪಟ್ಟಣದ ಆಚೆ ಸಿದ್ದೇಶ್ವರದ ಬೆಟ್ಟದ ಬಳಿ ಸುಲ್ತಾನರು ಮುಂಬಯಿ ಸೈನ್ಯವನ್ನು ಮತ್ತೊಮ್ಮೆ ತಡೆಯಲೆತ್ನಿಸಿದರು, ಆಗಲಿಲ್ಲ. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಸುಲ್ತಾನರು ಸಾಕಿ ಬೆಳೆಸಿದ್ದ ಅಮೃತ ಮಹಲ್ ಹಿಂಡುಗಳೇ ಮುಂದೆ ಬ್ರಿಟಿಷರ ಫಿರಂಗಿ ಎಳೆದವು. ಅವುಗಳ ಕೇಂದ್ರವಾದದ್ದು ಹುಣಸೂರು. ಹೆಗ್ಗಡದೇವನಕೋಟೆಯ ಕಾಡು ಪಕ್ಕದಲ್ಲೇ ಇದ್ದ ಈ ಊರಿನಲ್ಲಿ ಸೈನ್ಯಕ್ಕಾಗಿ ಚರ್ಮ ಹದಮಾಡುವ ಕಾರ್ಖಾನೆ, ಕಂಬಳಿ ಕಾರ್ಖಾನೆ, ಗಾಡಿ ಕಟ್ಟುವ ಮರದ ಅಂಗಳ ಎಲ್ಲವೂ ತಲೆಯೆತ್ತಿದವು. ಸಿಪಾಯಿಗಳ ಬೂಟು, ಬೆನ್ನಚೀಲಗಳು ಇಲ್ಲಿಂದ ಹೋಗುತ್ತಿದ್ದವು. 1864ರಲ್ಲಿ ಸರಕಾರ ಈ ಕಾರ್ಖಾನೆಗಳನ್ನು ಮುಚ್ಚಿತು. ಅಲ್ಲಿ ಕೈಪಳಗಿದ ಜನರು ಆ ಬಳಿಕವೂ ಹುಣಸೂರಿನಲ್ಲಿ ಚರ್ಮದ ಕೆಲಸ ಮಾಡಿದರು, ಕಂಬಳಿ ನೇಯ್ದರು, ರೈತರಿಗೆ ಗಾಡಿ ಕಟ್ಟಿಕೊಟ್ಟರು.