ಹೋರಿಯ ಓಟ ಮತ್ತು ಒಂದು ಹುಳಿಯ ಚರಿತ್ರೆ

ದೀಪಾವಳಿ ಬಂತೆಂದರೆ ಶಿಕಾರಿಪುರ, ಸೊರಬ ತಾಲ್ಲೂಕುಗಳ ಊರೂರಲ್ಲಿ ಹೋರಿ ಹಬ್ಬದ ಮಾತು. ಕೊಂಬಿಗೆ ರಿಬ್ಬನ್ನು, ಬಲೂನು, ಬೆನ್ನಿಗೆ ಜೂಲ, ಕೊರಳಿಗೆ ಕೊಬ್ಬರಿ ಸರ. ಬಿಟ್ಟ ಹೋರಿ ಎರಡೂ ಬದಿಯ ಜನರ ನಡುವೆ ನುಗ್ಗಿ ಕೆಲವೇ ಕ್ಷಣಗಳಲ್ಲಿ ಅಖಾಡ ದಾಟಬೇಕು. ಕೊಬ್ಬರಿ ಹರಿಯಬೇಕೆನ್ನುವ ಹುಡುಗರು ಅಷ್ಟೇ ವೇಗದಲ್ಲಿ ಅದರ ಮೇಲೆ ಎರಗಬೇಕು. ಓಡುವ ಹೋರಿಯ ತೊಡೆಯಲ್ಲೂ ಹಿಡಿಯಲು ಹೋದ ಹುಡುಗನ ತೊಡೆಯಲ್ಲೂ ಆ ಹೊತ್ತಿಗೆ ನಡೆಯುವ ಕೆಲಸ ಒಂದೇ. ಗ್ಲೂಕೋಸ್ ಭರದಿಂದ ಒಡೆದು, ಲ್ಯಾಕ್ಟೇಟ್ ಎಂಬ ವಸ್ತು ಹುಟ್ಟಿ, ರಕ್ತಕ್ಕೆ ಸೇರುತ್ತದೆ.

ಈ ಲ್ಯಾಕ್ಟೇಟ್ ನಮ್ಮ ಅಡುಗೆಮನೆಗೆ ಹೊಸತಲ್ಲ. ಹಾಲಿಗೆ ಹೆಪ್ಪು ಹಾಕಿದಾಗ ಮೊಸರಿಗೆ ಬರುವ ಹುಳಿ ಇದರದೇ. ಸ್ವೀಡನ್ನಿನ ಔಷಧ ವ್ಯಾಪಾರಿ ಕಾರ್ಲ್ ಷೀಲೆ 1780ರಲ್ಲಿ ಹುಳಿತ ಹಾಲಿನಿಂದಲೇ ಈ ಆಮ್ಲವನ್ನು ಬೇರ್ಪಡಿಸಿದರು. ಹಾಲಿಗೆ ಲ್ಯಾಟಿನ್ನಿನಲ್ಲಿರುವ ಹೆಸರಿನಿಂದ ಅದು ಲ್ಯಾಕ್ಟಿಕ್ ಆಮ್ಲವಾಯಿತು. ಅದೇ ದೇಶದ ಬರ್ಜೀಲಿಯಸ್ 1807ರ ಸುಮಾರಿಗೆ ಪ್ರಾಣಿಗಳ ಸ್ನಾಯುವಿನಲ್ಲೂ ಅದನ್ನು ಕಂಡರು. ಬೇಟೆಯಲ್ಲಿ ಅಟ್ಟಿಸಿಕೊಂಡು ಓಡಿ ದಣಿದ ಜಿಂಕೆಗಳ ಮಾಂಸದಲ್ಲಿ ಈ ಹುಳಿ ಹೆಚ್ಚು ಎಂಬ ಮಾತು ಅವರ ಹೆಸರಿನಲ್ಲೇ ಚರಿತ್ರೆಗೆ ಸೇರಿದೆ.

ಹೀಗೆ ಮೊದಲಿನಿಂದಲೇ ಲ್ಯಾಕ್ಟೇಟಿಗೂ ದಣಿವಿಗೂ ಗಂಟು ಬಿತ್ತು. 1907ರಲ್ಲಿ ಕೇಂಬ್ರಿಜ್‌ನ ಫ್ಲೆಚರ್ ಮತ್ತು ಹಾಪ್ಕಿನ್ಸ್ ಕಪ್ಪೆಯ ಸ್ನಾಯುಗಳ ಮೇಲೆ ಪ್ರಯೋಗ ಮಾಡಿದರು. ಆಮ್ಲಜನಕ ಇಲ್ಲದಾಗ ಲ್ಯಾಕ್ಟಿಕ್ ಆಮ್ಲ ಕೂಡಿಕೊಳ್ಳುತ್ತದೆ, ಆಮ್ಲಜನಕ ಕೊಟ್ಟರೆ ಕರಗುತ್ತದೆ ಎಂದು ತೋರಿಸಿದರು. ಈ ದಾರಿಯಲ್ಲಿ ಮುಂದೆ ಹೋದ ಎ.ವಿ. ಹಿಲ್ ಮತ್ತು ಆಟೋ ಮೈಯರ್‌ಹಾಫ್ ಅವರಿಗೆ 1922ರ ನೊಬೆಲ್ ಬಂತು. ಸ್ನಾಯು ಸಂಕುಚಿಸುವುದೇ ಲ್ಯಾಕ್ಟಿಕ್ ಆಮ್ಲದಿಂದ ಎಂದು ಆಗ ನಂಬಿದ್ದರು.

ಆ ನಂಬಿಕೆ ಹೆಚ್ಚು ದಿನ ಉಳಿಯಲಿಲ್ಲ. ಅದನ್ನು ಅಲುಗಿಸಿದವರಲ್ಲಿ ನಮ್ಮ ನೆರೆಯ ಆಂಧ್ರದ ಭೀಮಾವರಂನವರೂ ಒಬ್ಬರು, ಯಲ್ಲಾಪ್ರಗಡ ಸುಬ್ಬರಾವ್. ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕ್ ಜೊತೆಗೂಡಿ ಅವರು 1927ರಲ್ಲಿ ಸ್ನಾಯುವಿನೊಳಗೆ ಫಾಸ್ಫೋಕ್ರಿಯಾಟಿನ್ ಎಂಬ ವಸ್ತುವನ್ನು ಗುರುತಿಸಿದರು. 1930ರಲ್ಲಿ ಕೋಪನ್‌ಹೇಗನ್ನಿನ ಲುಂಡ್ಸ್‌ಗಾರ್ಡ್, ಲ್ಯಾಕ್ಟಿಕ್ ಆಮ್ಲ ಹುಟ್ಟದಂತೆ ತಡೆದ ಸ್ನಾಯು ಕೂಡ ಸ್ವಲ್ಪ ಹೊತ್ತು ಸಂಕುಚಿಸುತ್ತದೆ ಎಂದು ತೋರಿಸಿದರು. ಅಷ್ಟೂ ಹೊತ್ತು ಅದು ಖರ್ಚು ಮಾಡಿದ್ದು ಸುಬ್ಬರಾವ್ ಕಂಡ ಆ ಗಂಟನ್ನೇ. ಸ್ನಾಯುವನ್ನು ನಡೆಸುವುದು ಲ್ಯಾಕ್ಟೇಟ್ ಅಲ್ಲ ಎಂಬುದು ಖಚಿತವಾಯಿತು.

ಅದು ಕಸವೂ ಅಲ್ಲ. ಒಂದು ಗ್ಲೂಕೋಸ್ ಒಡೆದು ಎರಡು ಪೈರುವೇಟ್ ಆಗುತ್ತದೆ. ಅವನ್ನು ಪೂರ್ತಿ ಉರಿಸುವ ಕೆಲಸ ಜೀವಕೋಶದೊಳಗಿನ ಮೈಟೊಕಾಂಡ್ರಿಯಾದ್ದು. ಗ್ಲೂಕೋಸ್ ಒಡೆಯುವ ವೇಗ ಆ ಒಲೆಯ ವೇಗವನ್ನು ಮೀರಿದಾಗ ಪೈರುವೇಟ್ ಲ್ಯಾಕ್ಟೇಟ್ ಆಗಿ ಬದಲಾಗುತ್ತದೆ. ಈ ಬದಲಾವಣೆಯಿಂದಲೇ ಗ್ಲೂಕೋಸ್ ಒಡೆಯುವ ಕೆಲಸ ನಿಲ್ಲದೆ ಸಾಗುತ್ತದೆ. ಕೆಂಪು ರಕ್ತಕಣಗಳಿಗೆ ಮೈಟೊಕಾಂಡ್ರಿಯಾ ಇಲ್ಲವೇ ಇಲ್ಲ, ಹಾಗಾಗಿ ನಾವು ನಿದ್ದೆಯಲ್ಲಿದ್ದಾಗಲೂ ಅವು ಲ್ಯಾಕ್ಟೇಟ್ ಮಾಡುತ್ತಲೇ ಇರುತ್ತವೆ. ಹುಟ್ಟಿದ ಲ್ಯಾಕ್ಟೇಟ್ ಪಿತ್ತಜನಕಾಂಗಕ್ಕೆ ಹೋಗಿ ಮತ್ತೆ ಗ್ಲೂಕೋಸ್ ಆಗುತ್ತದೆ. 1929ರಲ್ಲಿ ಈ ಸುತ್ತನ್ನು ವಿವರಿಸಿದವರು ಕಾರ್ಲ್ ಮತ್ತು ಗರ್ಟಿ ಕೋರಿ ದಂಪತಿ. ಹೃದಯವಂತೂ ಲ್ಯಾಕ್ಟೇಟನ್ನು ನೇರವಾಗಿ ಉರುವಲಾಗಿ ಬಳಸುತ್ತದೆ. ಒಂದು ಅಂಗ ಮಾಡಿದ್ದನ್ನು ಇನ್ನೊಂದು ಉಣ್ಣುವ ಈ ಕೊಡುಕೊಳೆಯನ್ನು ಬರ್ಕ್ಲಿಯ ಜಾರ್ಜ್ ಬ್ರೂಕ್ಸ್ 1980ರ ದಶಕದಲ್ಲಿ ಲ್ಯಾಕ್ಟೇಟ್ ಷಟಲ್ ಎಂದು ಕರೆದರು. ಓಡಿ ನಿಂತ ಒಂದು ಗಂಟೆಯೊಳಗೆ ರಕ್ತದ ಲ್ಯಾಕ್ಟೇಟ್ ಹೆಚ್ಚುಕಡಿಮೆ ಮೊದಲಿನಂತಾಗುತ್ತದೆ. ಹಬ್ಬದ ಮರುದಿನ ಹುಡುಗರನ್ನು ಕಾಡುವ ಮೈಕೈ ನೋವಿಗೆ ಕಾರಣ ಸ್ನಾಯುವಿನ ಎಳೆಗಳಿಗೆ ಆದ ಸಣ್ಣ ಪೆಟ್ಟು. ಆ ಹೊತ್ತಿಗೆ ಹುಳಿ ಎಂದೋ ಹೋಗಿರುತ್ತದೆ.

ವೈದ್ಯರಿಗೆ ಲ್ಯಾಕ್ಟೇಟ್ ಮುಖ್ಯವಾದದ್ದು ಬೇರೆಯೇ ದಾರಿಯಿಂದ. 1843ರಲ್ಲಿ ಜರ್ಮನಿಯ ವ್ಯೂರ್ಟ್ಸ್‌ಬರ್ಗ್‌ನ ಷೆರರ್, ಬಾಣಂತಿ ನಂಜಿನಿಂದ ತೀರಿಕೊಂಡ ಹೆಂಗಸರ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಕಂಡರು. ಹೆರಿಗೆ ಮಾಡಿಸುವವರು ಕೈ ತೊಳೆಯಬೇಕೆಂದು ವಿಯೆನ್ನಾದ ಸೆಮೆಲ್ವೈಸ್ ಹೇಳಿದ್ದು ಇನ್ನೂ ನಾಲ್ಕು ವರ್ಷಗಳ ನಂತರ. ನಂಜಿಗೆ ಕಾರಣ ತಿಳಿಯುವ ಮೊದಲೇ ಅದರ ಗುರುತು ರಕ್ತದಲ್ಲಿ ಸಿಕ್ಕಿತ್ತು. ಆದರೆ ಆ ಗುರುತನ್ನು ರೋಗಿಯ ಹಾಸಿಗೆಯ ಬಳಿ ತರಲು ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. 1964ರಲ್ಲಿ ಬ್ರೋಡರ್ ಮತ್ತು ವೈಲ್, ಆಘಾತಕ್ಕೆ ಒಳಗಾದವರಲ್ಲಿ ಲ್ಯಾಕ್ಟೇಟ್ ಏರಿದಷ್ಟೂ ಬದುಕುವ ಸಾಧ್ಯತೆ ಇಳಿಯುತ್ತದೆ ಎಂದು ತೋರಿಸಿದರು. 2016ರ ಅಂತರರಾಷ್ಟ್ರೀಯ ವ್ಯಾಖ್ಯೆಯಲ್ಲಿ, ನಂಜಿನ ಆಘಾತವನ್ನು ಗುರುತಿಸುವ ಅಂಶಗಳಲ್ಲಿ ಲೀಟರ್ ರಕ್ತಕ್ಕೆ 2 ಮಿಲಿಮೋಲ್ ಮೀರಿದ ಲ್ಯಾಕ್ಟೇಟ್ ಕೂಡ ಒಂದು.

ಇದರಿಂದ ಆಗುವ ಉಪಯೋಗವನ್ನು ಹೋರಿ ಹಬ್ಬದಲ್ಲೇ ಕಾಣಬಹುದು. ಈ ಸ್ಪರ್ಧೆಗಳಲ್ಲಿ ಕೊಂಬು ತಿವಿದು, ಕಾಲ್ತುಳಿತಕ್ಕೆ ಸಿಕ್ಕಿ ಸಾವುನೋವು ಆಗಿರುವುದು ಎರಡೂ ತಾಲ್ಲೂಕುಗಳಿಗೆ ಗೊತ್ತು. ಹೊಟ್ಟೆಗೆ ತಿವಿತ ಬಿದ್ದ ಇಪ್ಪತ್ತರ ಹುಡುಗನಿಗೆ ಒಳಗೇ ರಕ್ತ ಸೋರುತ್ತಿರಬಹುದು. ಎಳೆಯ ರಕ್ತನಾಳಗಳು ಬಿಗಿದುಕೊಂಡು ಬಿ.ಪಿ.ಯನ್ನು ಬಹಳ ಹೊತ್ತು ಕಾಯ್ದುಕೊಳ್ಳುತ್ತವೆ. ‘ಬಿ.ಪಿ. ಸರಿಯಾಗಿದೆ, ಏನೂ ಆಗಿಲ್ಲ’ ಎಂದು ಮನೆಯವರು ಸಮಾಧಾನ ಮಾಡಿಕೊಳ್ಳುವ ಹೊತ್ತಿಗೆ, ರಕ್ತ ಸಾಲದೆ ಸೊರಗಿದ ಜೀವಕೋಶಗಳು ಲ್ಯಾಕ್ಟೇಟ್ ಸುರಿಯುತ್ತಿರುತ್ತವೆ. ಆದರೆ ಈಗಷ್ಟೇ ಓಡಿ ಬಂದವನಲ್ಲೂ ಅಂಕೆ ಹೆಚ್ಚೇ ಇರುತ್ತದೆ. ಆದ್ದರಿಂದ ಒಂದು ಅಂಕೆಗಿಂತ, ಎರಡು ಗಂಟೆ ಬಿಟ್ಟು ಅದು ಇಳಿಯಿತೋ ಏರಿತೋ ಎಂಬುದು ಮುಖ್ಯ. ತೆಗೆದ ರಕ್ತವನ್ನು ಬೇಗ ಪರೀಕ್ಷಿಸಬೇಕು ಕೂಡ, ಏಕೆಂದರೆ ಕೊಳವೆಯೊಳಗೂ ರಕ್ತಕಣಗಳು ಲ್ಯಾಕ್ಟೇಟ್ ಮಾಡುತ್ತಲೇ ಇರುತ್ತವೆ.

ಇಲ್ಲೊಂದು ಸೋಜಿಗವಿದೆ. ನಮ್ಮ ಜನ ಯಾವ ಡ್ರಿಪ್ಪನ್ನಾದರೂ ‘ಗ್ಲೂಕೋಸ್ ಬಾಟ್ಲಿ’ ಎನ್ನುತ್ತಾರೆ. ಹೆಚ್ಚಿನ ಸಲ ಅದರ ಮೇಲೆ ಬರೆದಿರುವುದು ಆರ್.ಎಲ್., ಅಂದರೆ ರಿಂಗರ್ ಲ್ಯಾಕ್ಟೇಟ್. ಲಂಡನ್ನಿನ ಸಿಡ್ನಿ ರಿಂಗರ್ 1880ರ ದಶಕದಲ್ಲಿ ಕಪ್ಪೆಯ ಹೃದಯ ಬಡಿಯುತ್ತಿರಲೆಂದು ಮಾಡಿಕೊಂಡಿದ್ದ ಉಪ್ಪುನೀರಿಗೆ, ಅಮೆರಿಕದ ಮಕ್ಕಳ ವೈದ್ಯ ಅಲೆಕ್ಸಿಸ್ ಹಾರ್ಟ್‌ಮನ್ 1930ರ ದಶಕದಲ್ಲಿ ಲ್ಯಾಕ್ಟೇಟ್ ಸೇರಿಸಿದರು. ಭೇದಿಯಿಂದ ಬಳಲಿ ರಕ್ತದಲ್ಲಿ ಆಮ್ಲ ಏರಿದ ಕೂಸುಗಳಿಗೆ ಅದು ಮದ್ದು. ದೇಹ ಆ ಲ್ಯಾಕ್ಟೇಟನ್ನು ಬಳಸಿಕೊಳ್ಳುವಾಗ ಆಮ್ಲ ತಗ್ಗುತ್ತದೆ. ಅಪಾಯದ ಗುರುತೆಂದು ಅಳೆಯುವ ವಸ್ತುವನ್ನೇ ಅದೇ ರೋಗಿಗೆ ಬಾಟ್ಲಿಯಲ್ಲಿ ಏರಿಸುತ್ತೇವೆ. ಇದರಲ್ಲಿ ವಿರೋಧವಿಲ್ಲ. ಹೊಗೆ ಕಂಡರೆ ಬೆಂಕಿ ಹುಡುಕಬೇಕು. ರಕ್ತದ ಲ್ಯಾಕ್ಟೇಟ್ ಅಂಥ ಹೊಗೆ.

ಈ ನೆಲಕ್ಕೆ ರೋಗದ ಚರಿತ್ರೆಯೂ ಆರೈಕೆಯ ಚರಿತ್ರೆಯೂ ಉಂಟು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಯ ಮಠವನ್ನು ಬಣ್ಣಿಸುವ 1162ರ ಶಾಸನ, ಅನಾಥ ರೋಗಿಗಳಿಗೆ ಅಲ್ಲಿ ಚಿಕಿತ್ಸೆ ಸಿಗುತ್ತಿತ್ತೆಂದು ಹೇಳುತ್ತದೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಯತೊಡಗಿದಾಗ ಪತ್ತೆಯಾದ ಮಂಗನ ಕಾಯಿಲೆ ಈಗ ಆ ಕಾಡಿನ ಹೆಸರಿನಿಂದಲೇ ಜಗತ್ತಿಗೆ ಪರಿಚಿತ. ಉಣುಗಿನಿಂದ ಹರಡುವ ಆ ಜ್ವರಕ್ಕೆ ನೇರವಾದ ಔಷಧ ಇಲ್ಲ. ರೋಗಿಯನ್ನು ಕಾಯುವುದು, ಹದವರಿತು ದ್ರವ ಕೊಡುವುದು, ಕೆಡುವ ಲಕ್ಷಣವನ್ನು ಬೇಗ ಹಿಡಿಯುವುದು, ಇಷ್ಟೇ ಚಿಕಿತ್ಸೆ.

ಬೇಗ ಹಿಡಿಯಲು ಯಂತ್ರವೇ ಬೇಕೆಂದಿಲ್ಲ. ದಕ್ಷಿಣ ಅಮೆರಿಕದ 5 ದೇಶಗಳ 28 ಆಸ್ಪತ್ರೆಗಳಲ್ಲಿ, ನಂಜಿನ ಆಘಾತದ 424 ರೋಗಿಗಳ ಮೇಲೆ ನಡೆದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಅರ್ಧ ಜನರಿಗೆ ಲ್ಯಾಕ್ಟೇಟ್ ನೋಡಿ ಚಿಕಿತ್ಸೆ. ಉಳಿದವರಿಗೆ ಬೆರಳ ತುದಿಯನ್ನು 10 ಸೆಕೆಂಡ್ ಒತ್ತಿ ಬಿಟ್ಟು, ಬಿಳಿಚಿದ ಚರ್ಮಕ್ಕೆ ಬಣ್ಣ ಮರಳಲು 3 ಸೆಕೆಂಡಿಗಿಂತ ಹೆಚ್ಚು ಬೇಕಾಯಿತೇ ಎಂದು ನೋಡಿ ಚಿಕಿತ್ಸೆ. ಸಾವಿನ ಪ್ರಮಾಣ ಮೊದಲ ಗುಂಪಿನಲ್ಲಿ ನೂರಕ್ಕೆ 43, ಎರಡನೆಯದರಲ್ಲಿ 35. ಈ ಅಂತರ ಖಚಿತ ತೀರ್ಮಾನಕ್ಕೆ ಸಾಲದಾದರೂ, ಬೆರಳು ಒತ್ತುವ ಕ್ರಮ ಯಂತ್ರಕ್ಕಿಂತ ಕೀಳೆಂದು ಹೇಳುವಂತಿಲ್ಲ. ಶಿವಮೊಗ್ಗದ ದಾರಿ ಹಿಡಿಯಬೇಕೋ ಬೇಡವೋ ಎಂದು ರಾತ್ರಿ ಹೊತ್ತು ತೀರ್ಮಾನಿಸಬೇಕಾದ ತಾಲ್ಲೂಕಿನ ವೈದ್ಯರಿಗೆ ಇದು ಸಣ್ಣ ಮಾತಲ್ಲ. ಲ್ಯಾಕ್ಟೇಟ್ ಹೇಳುವುದನ್ನು, ಅಂದರೆ ರಕ್ತ ತಲುಪಬೇಕಾದಲ್ಲಿ ತಲುಪುತ್ತಿಲ್ಲ ಎಂಬುದನ್ನು, ತಣ್ಣಗಾದ ಒಂದು ಬೆರಳೂ ಹೇಳಬಲ್ಲದು.