ಸೋಸಲೆಯಿಂದ ನಂದಿ ತಪ್ಪಲಿಗೆ

ನಮ್ಮ ಸೋಸಲೆಯೆಂದರೆ ಕಾವೇರಿ, ಭತ್ತದ ಗದ್ದೆ, ವ್ಯಾಸರಾಜ ಮಠ. ಕುಡಿಯುವವರಿಗೆ ಸಾರಾಯಿ ಪ್ಯಾಕೆಟ್ಟಿತ್ತು. 2007ರ ಜುಲೈನಲ್ಲಿ ರಾಜ್ಯದಲ್ಲೆಲ್ಲ ಅದು ನಿಷೇಧವಾಯಿತು. ಅದೇ ವರ್ಷ ಸರ್ಕಾರ ದ್ರಾಕ್ಷಾರಸ ನೀತಿ ತಂದಿತು. ಬಡವನ ಪ್ಯಾಕೆಟ್ಟಿಗೆ ಬೀಗ, ವೈನಿಗೆ ರತ್ನಗಂಬಳಿ!

ಆ ವೈನಿನ ರುಚಿ ನೋಡಲೆಂದು ನಂದಿ ಬೆಟ್ಟದ ತಪ್ಪಲಿಗೆ ಹೋದೆ. ದೊಡ್ಡಬಳ್ಳಾಪುರದ ಬಳಿ ಗ್ರೋವರ್ ಕುಟುಂಬ 1988ರಲ್ಲೇ ಫ್ರೆಂಚ್ ದ್ರಾಕ್ಷಿ ತಳಿಗಳ ತೋಟ ಹಾಕಿತ್ತು. ಸಲಹೆಗೆ ಷಾಂಪೇನ್ ಸೀಮೆಯ ಜಾರ್ಜ್ ವೆಸೆಲ್ ಇದ್ದರು. ಅಲ್ಲಿ ರುಚಿ ತೋರಿಸುವ ಹುಡುಗ, ‘ಲೋಟದ ಕಾಲು ಹಿಡೀರಿ ಸಾರ್, ಆಡಿಸಿ, ಮೂಸಿ ನೋಡಿ’ ಎಂದ. ಕೆಂಪು ವೈನು ನೇರಳೆ ಹಣ್ಣಿನಂತೆ ಒಗರೊಗರಾಗಿ ನಾಲಗೆ ಹಿಡಿಯಿತು. ಉಗುಳಲು ಪಾತ್ರೆಯೂ ಇತ್ತು. ದುಡ್ಡು ಕೊಟ್ಟು ಉಗುಳುವವರು ನಮ್ಮ ಕಡೆ ಸಿಗಲಾರರು.

ಹೋಗುವುದಾದರೆ ಕೊಯ್ಲು ನಡೆಯುವ ಫೆಬ್ರವರಿ, ಮಾರ್ಚ್‌ನಲ್ಲಿ ಹೋಗಿ. ಗಾಡಿ ಓಡಿಸುವವರು ಮಾತ್ರ ಮೂಸಿ ಸುಮ್ಮನಾಗಿ.